ಸೆರಗು ಹಿಡಿದ ಕೈ

ನಮ್ಮ ದಾವಣಗೆರೆಯ ವಿನೋಬನಗರದ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ನಡೆದುಹೋಗುವವರಿಗೆ ಒಂದಲ್ಲ ಒಂದು ಮನೆಯಿಂದ ಎಳೆಯ ಮಗುವಿನ ಅಳು ಕೇಳಿಸದೆ ಇರದು. ತಾಯಿ ಕೆಲಸಕ್ಕೆ ಹೊರಟಿರುತ್ತಾಳೆ. ಅಜ್ಜಿ ಮಗುವನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ ಕಾಗೆ ತೋರಿಸುವಷ್ಟರಲ್ಲಿ ಆಕೆ ಸದ್ದಿಲ್ಲದೆ ಮುಂಬಾಗಿಲಿನಿಂದ ಜಾರಿಕೊಳ್ಳುತ್ತಾಳೆ. ಮಗು ಅಳಬಾರದೆಂಬ ಕರುಣೆಯೇ ಈ ರೂಢಿಯ ಮೂಲವೆಂಬುದು ನಿಜ. ಆದರೂ ಇದನ್ನು ನಾವು ಒಪ್ಪಲಾರೆವು.

ಸುಮಾರು ಎಂಟು ತಿಂಗಳ ಹೊತ್ತಿಗೆ, ಕಣ್ಮರೆಯಾದ ತಾಯಿ ಎಲ್ಲಿಯೋ ಇದ್ದಾಳೆಂಬ ಅರಿವು ಕೂಸಿಗೆ ಮೂಡುತ್ತದೆ. ಯಾವಾಗ ಬರುವಳೆಂಬುದು ಮಾತ್ರ ತಿಳಿಯದು. ಅಗಲಿಕೆಯ ಅಳು ಹುಟ್ಟುವುದು ಅಲ್ಲಿ. ಒಂದರಿಂದ ಒಂದೂವರೆ ವರ್ಷದ ನಡುವೆ ಅದು ಹೆಚ್ಚಿ, ಮೂರರ ಸುಮಾರಿಗೆ ಬಹಳಮಟ್ಟಿಗೆ ತಗ್ಗುತ್ತದೆ. ಇದು ಹಟವೂ ಅಲ್ಲ, ಮುದ್ದಿನಿಂದ ಕೆಟ್ಟದ್ದೂ ಅಲ್ಲ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿಯವರು 1969ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಟನ್ನು ಶಿಶುವಿನ ರಕ್ಷಣೆಗೆಂದು ಪ್ರಕೃತಿಯೇ ಇತ್ತ ಗುಣವೆಂದು ವಿವರಿಸಿದರು. ಮೇರಿ ಐನ್ಸ್‌ವರ್ತ್ ಎಂಬ ವಿದುಷಿ 1950ರ ದಶಕದಲ್ಲಿ ಉಗಾಂಡದ ಹಳ್ಳಿಗಳಲ್ಲಿ ಕುಳಿತು ಕಂಡದ್ದು ನಮ್ಮ ಪಡಸಾಲೆಯ ನೋಟವೇ: ಕೂಸು ಅಂಬೆಗಾಲಿಕ್ಕಿ ದೂರ ಹೋಗುತ್ತದೆ, ತಿರುಗಿ ತಾಯಿಯನ್ನು ನೋಡುತ್ತದೆ, ಮತ್ತೆ ಮುಂದೆ ಸಾಗುತ್ತದೆ. ತಾಯಿ ಅಲ್ಲಿಯೇ ಇರುವಳೆಂಬ ನೆಚ್ಚಿಕೆಯೇ ದೂರ ಹೋಗುವ ಧೈರ್ಯ. ಕದ್ದು ಹೋದರೆ ಆ ನೆಚ್ಚಿಕೆಗೇ ಪೆಟ್ಟು. ಮರುದಿನ ಮಗು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ.

ಆದುದರಿಂದ ಹೇಳಿಯೇ ಹೋಗಬೇಕು. "ಸಂಜೆ ಹಾಲು ಕುಡಿಯುವ ಹೊತ್ತಿಗೆ ಬರುತ್ತೇನೆ" ಎಂದು ಹೇಳಿ, ಆ ಹೊತ್ತಿಗೆ ಬರಬೇಕು. ಗಡಿಯಾರ ಅರಿಯದ ಮಗುವಿಗೆ ಹಾಲಿನ ಹೊತ್ತು ತಿಳಿಯುತ್ತದೆ. "ಗುಮ್ಮ ಬಂದಾನು" ಎಂಬ ಬೆದರಿಕೆಯಂತೂ ಬೇಡವೇ ಬೇಡ.

ಅಜ್ಜಿಯನ್ನೇ ಮಗು ಹೆಚ್ಚು ಹಚ್ಚಿಕೊಂಡಿತೆಂದು ಕೊರಗುವ ಸೊಸೆಯಂದಿರೂ ಉಂಟು. ಕೂಸು ಇಬ್ಬರು ಮೂವರನ್ನು ನೆಚ್ಚಬಲ್ಲದು. ಅದರಿಂದ ತಾಯಿಯ ಪಾಲು ಕಡಿಮೆಯಾಗದು. ಅಜ್ಜಿಯಿಲ್ಲದ ಮನೆಗಳ ಚಿಂತೆಯೇ ದೊಡ್ಡದು. 2017ರ ತಿದ್ದುಪಡಿಯಂತೆ ಹೆರಿಗೆ ರಜೆ 26 ವಾರ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರು ತುಂಬಿದವರಿಗೆ. ನಡುವಿನ ಎರಡೂವರೆ ವರ್ಷ, ಅಂದರೆ ಅಂಟು ಅತ್ಯಂತ ಗಾಢವಾಗಿರುವ ಕಾಲ, ತಾಯಿಯ ಹೆಗಲಿಗೇ ಬೀಳುತ್ತದೆ. ಹಳ್ಳಿಗಳಿಗಾಗಿ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆ ತಂದಿತು. ನಗರದ ದುಡಿಯುವ ತಾಯಂದಿರಿಗೂ ಅಂಥದು ಬೇಕೆಂಬುದು ನಮ್ಮ ಅಭಿಪ್ರಾಯ.

ಎರಡು ತುಂಬುವ ವೇಳೆಗೆ ಅದೇ ಮಗು "ನಾನೇ" ಎನ್ನತೊಡಗುತ್ತದೆ. ರೊಟ್ಟಿಯ ಚೂರನ್ನು ತಾನೇ ತಿನ್ನಲಿ, ಚೆಲ್ಲಿದರೆ ಚೆಲ್ಲಲಿ. ದಿನವಿಡೀ ಜಾಣನಾಗಿದ್ದವನು ಸಂಜೆ ತಾಯಿಯನ್ನು ಕಂಡೊಡನೆ ರಚ್ಚೆ ಹಿಡಿದರೆ ಗದರಬಾರದು. ತಡೆದಿಟ್ಟುಕೊಂಡಿದ್ದನ್ನು ತನ್ನವರ ಮುಂದೆ ಇಳಿಸುತ್ತಿದ್ದಾನೆ. ಚೀಲ ಕೆಳಗಿಟ್ಟು ಆಕೆ ಮೊದಲು ಅವನನ್ನು ಎತ್ತಿಕೊಳ್ಳಲಿ. ಒಲೆಯ ಮೇಲಿನ ಹಾಲನ್ನು ಅಷ್ಟು ಹೊತ್ತು ಮನೆಯ ಗಂಡಸರು ನೋಡಿಕೊಳ್ಳಬಹುದು.