ಗುಜರಿಯೂ ಒಂದು ಉಗ್ರಾಣ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೋಟಾರ್ ಸೈಕಲ್ ತಯಾರಿಸಿ, 1996ರಲ್ಲಿ ಬಾಗಿಲು ಮುಚ್ಚಿತು. ಗದಗ ತಾಲ್ಲೂಕಿನ ಹರ್ತಿಯಂಥ ಊರಿನಲ್ಲಿ ಯಾರದಾದರೂ ಯೆಜ್ದಿ ಕೆಟ್ಟು ನಿಂತರೆ, ಕಾರ್ಖಾನೆಯ ಅಸಲಿ ಬಿಡಿಭಾಗಕ್ಕೆ ಇಂದು ಗುಜರಿ ಅಂಗಡಿಯನ್ನೇ ಹುಡುಕಬೇಕು. ಗೇರಿನ ಲಿವರನ್ನೇ ಮೇಲೆತ್ತಿ ಕಿಕ್ ಹೊಡೆಯುವ ಈ ಗಾಡಿಗೆ ಬೇರೆ ಗಾಡಿಗಳ ಭಾಗ ಒಗ್ಗುವುದಿಲ್ಲ.

ಅರ್ಥಶಾಸ್ತ್ರ ಓದಿದ ನನಗೆ ಗುಜರಿ ಅಂಗಡಿ ಕುತೂಹಲದ ಪೇಟೆ. ಕಬ್ಬಿಣ ಕರಗಿಸುವವನಿಗೆ ಹಳೆಯ ಕ್ರ್ಯಾಂಕ್ ಕಿಲೋ ಲೆಕ್ಕದ ಸರಕು. ನಿಂತ ಗಾಡಿಯ ಒಡೆಯನಿಗೆ ಅದೇ ಗಾಡಿಯ ಜೀವ. ಈ ಎರಡು ಬೆಲೆಗಳ ಅಂತರವನ್ನು ಬಲ್ಲ ವ್ಯಾಪಾರಿ ತನಗರಿವಿಲ್ಲದೆಯೇ ನಮ್ಮ ಕೈಗಾರಿಕಾ ಇತಿಹಾಸದ ಉಗ್ರಾಣಿಕನಾಗಿದ್ದಾನೆ.

ಕೇಂದ್ರ ಸರ್ಕಾರ 2021ರಲ್ಲಿ ವಾಹನ ಗುಜರಿ ನೀತಿಯನ್ನು ಪ್ರಕಟಿಸಿತು. ಹೊಗೆಯುಗುಳುವ ಹಳೆಯ ವಾಹನಗಳು ರಸ್ತೆ ಬಿಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಅದೇ ವರ್ಷದ ಮತ್ತೊಂದು ನಿಯಮ, 50 ವರ್ಷ ದಾಟಿ ಮೂಲ ರೂಪದಲ್ಲಿ ಉಳಿದ ವಾಹನಕ್ಕೆ ‘ವಿಂಟೇಜ್’ ಮನ್ನಣೆ ನೀಡುತ್ತದೆ. 1996ರಲ್ಲಿ ನೋಂದಣಿಯಾದ ಯೆಜ್ದಿ ಆ ಮನ್ನಣೆಗೆ 2046ರವರೆಗೆ ಕಾಯಬೇಕು. ಅಷ್ಟು ಕಾಲ ಅದು ಮೂಲ ರೂಪದಲ್ಲಿ ಉಳಿಯಬೇಕಾದರೆ ಅಸಲಿ ಬಿಡಿಭಾಗಗಳೂ ಉಳಿಯಬೇಕಲ್ಲವೇ?

ಗುಜರಿ ಮಾಲೆಂದರೆ ಕಳವಿನ ಮಾಲೆಂಬ ಶಂಕೆಯೂ ನಿರಾಧಾರವಲ್ಲ. ಅದಕ್ಕೆ ಮದ್ದು ಲೆಕ್ಕಪತ್ರ. ಉತ್ಪಾದನೆ ನಿಂತುಹೋದ ವಾಹನವನ್ನು ಜಜ್ಜುವ ಮುನ್ನ ಬಳಕೆಗೆ ಬರುವ ಭಾಗಗಳನ್ನು ಬಿಚ್ಚಿ, ಯಾವ ವಾಹನದ್ದೆಂದು ದಾಖಲಿಸಿ, ರಸೀದಿ ಕೊಟ್ಟು ಮಾರುವ ವ್ಯವಸ್ಥೆ ಪ್ರತಿ ಜಿಲ್ಲೆಯಲ್ಲೂ ಬರಲಿ. ಸಣ್ಣ ಗುಜರಿ ವ್ಯಾಪಾರಿಗೂ ಅದರಲ್ಲಿ ಪಾಲಿರಲಿ. ಕಬ್ಬಿಣವನ್ನು ಮತ್ತೆ ಎರಕ ಹೊಯ್ಯಬಹುದು. ಮುಚ್ಚಿದ ಕಾರ್ಖಾನೆಯ ಬಿಡಿಭಾಗ ಒಮ್ಮೆ ಕರಗಿದರೆ ಕರಗಿದಂತೆಯೇ.