ಕಟ್ಟೆಯ ಮಾತು, ಕೋಣೆಯ ಮಾತು

ಮಿಡಿಗೇಶಿಯ ಸೀಮೆಯಲ್ಲಿ ಚೈತ್ರಮಾಸವೆಂದರೆ ಬಿಡುವಿನ ಕಾಲ. ರಾಗಿ, ಕಡಲೆಕಾಯಿಗಳ ಕೆಲಸ ಮುಗಿದು ಹೊಲಗಳು ಬರಿದಾಗಿರುತ್ತವೆ. ಹೊಂಗೆ ಚಿಗುರಿರುತ್ತದೆ, ಬೇವು ಹೂ ಬಿಟ್ಟಿರುತ್ತದೆ, ದುರ್ಗದ ಬಂಡೆ ಹಗಲೆಲ್ಲ ಕಾದು ಸಂಜೆಯವರೆಗೂ ಬಿಸಿಯುಸಿರು ಬಿಡುತ್ತಿರುತ್ತದೆ. ಗಂಡಸರು ಅರಳಿಕಟ್ಟೆಯ ಮೇಲೆ ಕೂಡುವರು. ಹೆಂಗಸರು ಜಗಲಿಯಲ್ಲಿ ಗುಂಪಾಗಿ ಕುಳಿತು ಹುಣಿಸೆಹಣ್ಣನ್ನು ಕುಟ್ಟಿ ಬೀಜ, ನಾರು ಬಿಡಿಸುವರು. ಅದು ಕೂಲಿಯ ಕೆಲಸವೂ ಹೌದು, ಹರಟೆಯೂ ಹೌದು. ರಾತ್ರಿ ಊಟವಾದ ಮೇಲೆ ಯಾವುದಾದರೊಂದು ಕೋಣೆಯಲ್ಲಿ ಹಾರ್ಮೋನಿಯಂ ಮೇಷ್ಟರ ಸುತ್ತ ಪೌರಾಣಿಕ ನಾಟಕದ ತಾಲೀಮು ನಡೆಯುವುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿಯೂ ವಸಂತಕಾಲದ ಸಮಾಜಜೀವನ ಬಹುಮಟ್ಟಿಗೆ ಹೀಗೆಯೇ ಇರುವುದು.

2020ರಲ್ಲಿ ಇದೆಲ್ಲವೂ ಒಂದೇ ದಿನದಲ್ಲಿ ನಿಂತುಹೋಯಿತು. ಮಾರ್ಚ್ 25, ಬುಧವಾರ, ಶಾರ್ವರಿ ಸಂವತ್ಸರದ ಯುಗಾದಿ. ದೇಶವ್ಯಾಪಿ ಲಾಕ್‌ಡೌನ್ ಮೊದಲಾದುದೂ ಆ ದಿನವೇ. ಬೇವುಬೆಲ್ಲವನ್ನು ಮನೆಮನೆಗೆ ಹಂಚುವುದಿರಲಿ, ನೆರೆಮನೆಯ ಹೊಸಿಲು ದಾಟುವುದೇ ಅಪರಾಧದಂತಾಯಿತು. 27ರಂದು ಶಿರಾದ ಹಿರಿಯರೊಬ್ಬರು ಕೊರೋನಾದಿಂದ ತೀರಿಕೊಂಡರು. ತುಮಕೂರು ಜಿಲ್ಲೆಯಲ್ಲಿ ಈ ರೋಗದಿಂದ ಸಂಭವಿಸಿದ ಮೊದಲ ಸಾವು ಅದು. ದೂರದೇಶದ ಸುದ್ದಿಯೆಂದು ಭಾವಿಸಿದ್ದುದು ನೆರೆಯ ತಾಲ್ಲೂಕಿಗೇ ಬಂದುದನ್ನು ಕಂಡು ಜನ ಹೆದರಿದರು. ಹೆದರಿಕೆ ಸಹಜವೇ ಆಗಿತ್ತು.

ಕಟ್ಟೆ, ಜಗಲಿ, ತಾಲೀಮಿನ ಕೋಣೆ, ಮೂರಕ್ಕೂ ಆಗ ಒಂದೇ ನಿಷೇಧ; ಕೂಡಲೇಬೇಕಾದಲ್ಲಿ ‘ಆರು ಅಡಿ ಅಂತರ’ ಎಂಬುದೊಂದೇ ಸೂತ್ರ. ವಿದ್ಯಾರ್ಥಿಗಳು ದೂರವಾಣಿಯಲ್ಲಿ ಕೇಳಿದಾಗ ನಾವೂ ಅದನ್ನೇ ಹೇಳಿದೆವು. ಭೌತವಿಜ್ಞಾನವನ್ನು ಬೋಧಿಸುವವರು ಕಾಗದ ಪೆನ್ಸಿಲು ಹಿಡಿದು ಒಂದು ಗಳಿಗೆ ಲೆಕ್ಕ ಮಾಡಿದ್ದರೆ ಅಷ್ಟಕ್ಕೇ ತೃಪ್ತರಾಗುತ್ತಿರಲಿಲ್ಲವೆಂದು ಈಗ ನಾಚಿಕೆಯಿಂದ ಒಪ್ಪಬೇಕಾಗಿದೆ. ಆ ಲೆಕ್ಕವನ್ನು ವಾಚಕರೊಡನೆ ಈಗಲಾದರೂ ಮಾಡಿನೋಡೋಣ.

ನಾವು ಮಾತನಾಡುವಾಗ ಬಾಯಿಂದ ಅಸಂಖ್ಯಾತ ಹನಿಗಳು ಹೊರಡುತ್ತವೆ. ಅವುಗಳಲ್ಲಿ ಬಹುಪಾಲು ಕಣ್ಣಿಗೆ ಕಾಣಿಸವು. ಗಾಳಿಯಲ್ಲಿ ಬೀಳುವ ಸಣ್ಣ ಹನಿಯ ವೇಗವೆಷ್ಟೆಂಬುದನ್ನು ತಿಳಿಯಲು ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿಯೇ ಒಂದು ನಿಯಮವನ್ನು ಕೊಟ್ಟಿದ್ದಾನೆ. ಹನಿಯ ಅಡ್ಡಳತೆ ಹತ್ತನೆಯ ಒಂದು ಪಾಲಾದರೆ ಅದು ಬೀಳುವ ವೇಗ ನೂರನೆಯ ಒಂದು ಪಾಲಾಗುತ್ತದೆ ಎಂಬುದು ಅದರ ತಿರುಳು. ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು, ಎಂದರೆ 100 ಮೈಕ್ರಾನಿನಷ್ಟು ದಪ್ಪದ ಹನಿ ಐದಡಿ ಎತ್ತರದಿಂದ ಐದಾರು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 10 ಮೈಕ್ರಾನಿನ ಹನಿಗೆ ಸುಮಾರು ಎಂಟು ನಿಮಿಷ ಬೇಕು. ಒಂದೇ ಮೈಕ್ರಾನಿನದಾದರೆ ಹದಿನಾಲ್ಕು ಗಂಟೆ! ಅಷ್ಟು ಹೊತ್ತು ಯಾವ ಕೋಣೆಯ ಗಾಳಿಯೂ ಅಲುಗದೆ ನಿಲ್ಲುವುದಿಲ್ಲವಾದುದರಿಂದ, ಅಂಥ ಕಣ ಬೀಳುವುದಿಲ್ಲ, ತೇಲುತ್ತದೆ ಎಂದರೇ ಸರಿ. ಹಳೆಯ ಮಾಳಿಗೆ ಮನೆಯ ಗವಾಕ್ಷಿಯಿಂದ ಇಳಿದ ಬಿಸಿಲುಕೋಲಿನಲ್ಲಿ ಕುಣಿಯುವ ಧೂಳನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನೊಂದು ತೊಡಕು ಉಂಟು. ಹನಿ ಬೀಳುತ್ತಿರುವಾಗಲೇ ಆರುತ್ತಿರುತ್ತದೆ. ದೊಡ್ಡ ಹನಿ ಆರುವ ಮುನ್ನ ನೆಲಕ್ಕೆ ಬೀಳುತ್ತದೆ; ಚಿಕ್ಕದು ಬೀಳುವ ಮುನ್ನ ಆರಿ, ಕುಗ್ಗಿ, ಇನ್ನಷ್ಟು ಹಗುರವಾಗಿ ಗಾಳಿಯಲ್ಲಿ ಉಳಿಯುತ್ತದೆ. ಈ ಎರಡಕ್ಕೂ ನಡುವಣ ಗಡಿ ಸುಮಾರು 100 ಮೈಕ್ರಾನ್ ಎಂದು ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲಿ ತೋರಿಸಿದ್ದನು. ಆದರೆ ಮುಂದೆ ವೈದ್ಯಗ್ರಂಥಗಳಲ್ಲಿ ಈ ಗಡಿ 5 ಮೈಕ್ರಾನ್ ಎಂದು ನೆಲೆಯೂರಿಬಿಟ್ಟಿತು. ಅದು ನಿಜವಾಗಿ ಶ್ವಾಸಕೋಶದ ಒಳಮೂಲೆಯನ್ನು ತಲಪಬಲ್ಲ ಕಣದ ಅಳತೆಯೇ ಹೊರತು ತೇಲಬಲ್ಲ ಕಣದ ಅಳತೆಯಲ್ಲ. ಯುಗಾದಿ ಕಳೆದ ಮೂರನೆಯ ದಿನ, 2020ರ ಮಾರ್ಚ್ 28ರಂದು, ಈ ರೋಗ ಗಾಳಿಯಲ್ಲಿ ಹರಡುವುದಿಲ್ಲವೆಂದೇ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 2021ರ ಏಪ್ರಿಲ್ ಕೊನೆಯಲ್ಲಿ ತನ್ನ ಮಾತನ್ನು ತಿದ್ದಿಕೊಂಡಿತು. ನಡುವೆ ಒಂದು ವರ್ಷವೇ ಕಳೆದಿತ್ತು.

ಈಗ ತಾಲೀಮಿನ ಕೋಣೆಗೆ ಬರೋಣ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯೆಂದಿಟ್ಟುಕೊಳ್ಳಿ. ಅದರಲ್ಲಿ ಹಿಡಿಯುವ ಗಾಳಿ ಸುಮಾರು 34 ಘನ ಮೀಟರು. ಸುಮ್ಮನೆ ಕುಳಿತ ಮನುಷ್ಯನೊಬ್ಬ ಗಂಟೆಗೆ ಅರ್ಧ ಘನ ಮೀಟರಿನಷ್ಟು ಉಸಿರು ಬಿಡುತ್ತಾನೆ. ಎಂಟು ಜನ ಎರಡು ಗಂಟೆ ಕುಳಿತರೆ ಎಂಟು ಘನ ಮೀಟರು. ಅಕ್ಕಪಕ್ಕದ ಮನೆಯವರಿಗೆ ತೊಂದರೆಯಾಗದಿರಲೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿದ್ದರಂತೂ, ಕೊನೆಯಲ್ಲಿ ಒಳಗೆಳೆದ ಪ್ರತಿಯೊಂದು ಉಸಿರಿನಲ್ಲಿಯೂ ಐದರಲ್ಲೊಂದು ಪಾಲು ಯಾರೋ ಬಿಟ್ಟದ್ದೇ! ಆರಡಿ ದೂರ ಕುಳಿತರೆ ಇಲ್ಲಿ ಏನು ಪ್ರಯೋಜನ? ಅದರ ಮೇಲೆ ದುರ್ಯೋಧನನ ಪಾತ್ರಧಾರಿ ತಾರಸ್ಥಾಯಿಯಲ್ಲಿ ಹಾಡತಕ್ಕವನು. ಮೆಲುಮಾತಿಗಿಂತ ಗಟ್ಟಿಯಾದ ಮಾತಿನಲ್ಲಿಯೂ ಹಾಡಿನಲ್ಲಿಯೂ ಹೊರಡುವ ಕಣಗಳು ಬಹಳ ಹೆಚ್ಚು.

ಇದು ಬರಿಯ ಊಹೆಯಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಎಂಬಲ್ಲಿ 2020ರ ಮಾರ್ಚ್ 10ರ ಸಂಜೆ 61 ಮಂದಿ ಗಾಯಕರು ಒಂದು ಸಭಾಂಗಣದಲ್ಲಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಮೊದಲೇ ಸೋಂಕಿತ್ತು. ಕೆಲವೇ ದಿನಗಳಲ್ಲಿ, ಶಂಕಿತರೂ ಸೇರಿ, ರೋಗಿಗಳ ಸಂಖ್ಯೆ 53ಕ್ಕೆ ಮುಟ್ಟಿತು. ಇಬ್ಬರು ಮಡಿದರು. ಹಾರ್ಮೋನಿಯಂ ಒಂದನ್ನು ಬಿಟ್ಟರೆ ಅದಕ್ಕೂ ನಮ್ಮ ತಾಲೀಮಿಗೂ ಹೆಚ್ಚಿನ ವ್ಯತ್ಯಾಸವೇನೂ ಇಲ್ಲ.

ಕಟ್ಟೆಯ ಮೇಲಾದರೋ ಸಂಗತಿಯೇ ಬೇರೆ. ಎಲೆ ಅಲುಗುವಷ್ಟು ಮಂದವಾದ ಗಾಳಿಯೂ ಸೆಕೆಂಡಿಗೆ ಒಂದು ಮೀಟರಿಗೆ ಕಡಿಮೆಯಿಲ್ಲದೆ ಚಲಿಸುತ್ತದೆ. ಎರಡು ಗಂಟೆಯ ಹರಟೆ ಮುಗಿಯುವಷ್ಟರಲ್ಲಿ ಏಳು ಕಿಲೋಮೀಟರು ಉದ್ದದ ಗಾಳಿ ಕಟ್ಟೆಯ ಮೇಲೆ ಹಾದುಹೋಗಿರುತ್ತದೆ. ಕಟ್ಟೆಯ ಮೇಲೊಬ್ಬರು ಬೀಡಿ ಹಚ್ಚಿದರೆ ಹೊಗೆ ಎರಡು ಮಾರು ಹೋಗುವುದರೊಳಗೆ ಕರಗುವುದನ್ನೂ, ಅದೇ ಬೀಡಿ ಕೋಣೆಯಲ್ಲಿ ಮೂಲೆಮೂಲೆಗೂ ನಾರುವುದನ್ನೂ ಎಲ್ಲರೂ ಬಲ್ಲರು. ಉಸಿರಿನ ಕಣಗಳ ನಡೆಯೂ ಹೊಗೆಯ ನಡೆಯಂತೆಯೇ. ಹಾಗೆಂದು ಬಯಲಿನಲ್ಲಿ ಭಯವೇ ಇಲ್ಲವೆಂದಲ್ಲ. ಕಿವಿಗೆ ಬಾಯಿಟ್ಟು ಗುಟ್ಟು ಹೇಳುವವರನ್ನೂ, ಜಾತ್ರೆಯ ನೂಕುನುಗ್ಗಲನ್ನೂ ಗಾಳಿ ಕಾಯಲಾರದು. ಆದರೆ ಅಂತರ ಬಿಟ್ಟು ಕುಳಿತು ಹುಣಿಸೆ ಬಿಡಿಸುವ ನಾಲ್ವರು ಹೆಂಗಸರನ್ನು ಜಗಲಿಯಿಂದೆಬ್ಬಿಸಿ ಒಳಮನೆಗೆ ಕಳುಹಿಸಿದ್ದರಿಂದ ಅವರಿಗೆ ಒಳಿತಾಯಿತೆಂದು ಹೇಳಲು ನಮಗೆ ಈಗ ಬಾಯಿ ಬಾರದು. ಅಂದಿನ ಅಧಿಕಾರಿಗಳನ್ನು ದೂರುವುದಕ್ಕಲ್ಲ. ಅಂದು ತಿಳಿದಿದ್ದುದೇ ಅಷ್ಟು.

ಆ ಯುಗಾದಿಯ ಮರುದಿನ ಸಂಜೆ ಚಂದ್ರದರ್ಶನಕ್ಕೆಂದು ಜನ ಮಾಳಿಗೆಗಳನ್ನು ಹತ್ತಿದರು. ಪಶ್ಚಿಮದಲ್ಲಿ ತೆಳುವಾದ ಬಿದಿಗೆಯ ಚಂದ್ರ, ಮೇಲೆ ಸೂರ್ಯನಿಂದ 46 ಡಿಗ್ರಿ ದೂರ ಸರಿದು ಥಳಥಳಿಸುತ್ತಿದ್ದ ಶುಕ್ರ. ಒಂದು ಮಾಳಿಗೆಯವರು ಇನ್ನೊಂದು ಮಾಳಿಗೆಯವರನ್ನು ಕೂಗಿ ಹಬ್ಬದ ಕುಶಲ ಕೇಳಿದರು. ಮೂವತ್ತು ನಲವತ್ತು ಅಡಿ ದೂರ. ಬಾಯಿಂದ ಹೊರಟ ಗಾಳಿ ನಾಲ್ಕಾರು ಅಡಿಗಳಲ್ಲಿಯೇ ಬಯಲಿನ ಗಾಳಿಯಲ್ಲಿ ಬೆರೆತು ಚದುರಿಹೋಗುತ್ತದೆ. ಶಬ್ದ ಮಾತ್ರ ಸೆಕೆಂಡಿಗೆ 350 ಮೀಟರಿನಂತೆ ಆಚೆಯ ಕಿವಿಯನ್ನು ಮುಟ್ಟುತ್ತದೆ. ಅದನ್ನು ಸಾಗಿಸುವ ಗಾಳಿಯ ಕಣಗಳಾದರೋ ತಮ್ಮ ಎಡೆಯಲ್ಲಿಯೇ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಷ್ಟೂ ಸರಿಯದೆ, ಹಿಂದುಮುಂದಾಗಿ ಅಲುಗಿ ಸುಮ್ಮನಾಗುತ್ತವೆ.