ಡಿಸ್ಕ್ ಇಮೇಜ್‌ನಲ್ಲಿ ನಾವೇ ನಮೂದಿಸುವ ದಿನಾಂಕ

ನಮ್ಮ ತಾಯಿ ಹಾಡುತ್ತಿದ್ದ ಶೋಭಾನೆ ಪದಗಳನ್ನು 1987ರಲ್ಲೊಮ್ಮೆ, 1995ರಲ್ಲೊಮ್ಮೆ ಕ್ಯಾಸೆಟ್ಟಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದೆವು. ಮುಂದೆ ಅವನ್ನು ಗಣಕಯಂತ್ರಕ್ಕೆ ವರ್ಗಾಯಿಸಿ ಸಿ.ಡಿ. ಮಾಡಿದಾಗ, ಎಲ್ಲ ಕಡತಗಳೂ ವರ್ಗಾವಣೆಯ ದಿನಾಂಕವನ್ನೇ ಹೊತ್ತು ಕುಳಿತವು. ಕ್ಯಾಸೆಟ್ಟುಗಳ ಮೇಲಿನ ಚೀಟಿಗಳು ಅಷ್ಟರಲ್ಲಿ ಉದುರಿಹೋಗಿದ್ದವು. ತಾಯಿ ತೀರಿಕೊಂಡ ಮೇಲೆ, ಯಾವ ಹಾಡು ಯಾವ ವರ್ಷದ್ದೆಂದು ಕೇಳೋಣವೆಂದರೆ ಯಾರಿದ್ದಾರೆ?

ಇಡೀ ಸಿ.ಡಿ.ಯ ಯಥಾಪ್ರತಿಯನ್ನು ಒಂದೇ ಕಡತದಲ್ಲಿ ಹಿಡಿದಿಡುವುದೇ ಡಿಸ್ಕ್ ಇಮೇಜ್. ಐ.ಎಸ್.ಓ. ಕಡತವೆಂಬ ಅದರ ರೂಢಿಯ ಹೆಸರು 1988ರ ಐ.ಎಸ್.ಓ. 9660 ಮಾನದಂಡದಿಂದ ಬಂದುದು. ಅದರೊಳಗೆ ಪ್ರತಿಯೊಂದು ಕಡತಕ್ಕೂ ಒಂದು ದಿನಾಂಕವಿದೆ. ಇಡೀ ಸಂಪುಟಕ್ಕೆ ನಾಲ್ಕಿವೆ: ಸೃಷ್ಟಿ, ಮಾರ್ಪಾಡು, ಬಳಕೆಯ ಆರಂಭ, ಅವಧಿಯ ಮುಕ್ತಾಯ. ಕಲಾ ಪದವೀಧರನಾದ ನನಗೆ ಇದು ಅರ್ಥವಾದದ್ದು ಬ್ಯಾಂಕಿನ ಲೆಡ್ಜರಿನಿಂದ. ಅಲ್ಲಿ ನಮೂದು ಮಾಡಿದ ದಿನ ಬೇರೆ, ಬಡ್ಡಿಯ ಲೆಕ್ಕಕ್ಕೆ ಹಿಡಿಯುವ ವ್ಯಾಲ್ಯೂ ಡೇಟ್ ಬೇರೆ. ಇಲ್ಲಿಯೂ ಹಾಡಿದ ದಿನವು ಕಡತಕ್ಕೆ ಸಲ್ಲಬೇಕು, ಪ್ರತಿ ಮಾಡಿದ ದಿನವು ಸಂಪುಟಕ್ಕೆ.

ಎಕ್ಸೊರಿಸೋ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಅನುಕೂಲವಿದೆ. 'ಆಲ್ಟರ್ ಡೇಟ್' ಆದೇಶವು ಒಳಗಿನ ಕಡತದ ದಿನಾಂಕವನ್ನು ಬದಲಿಸಿದರೆ, 'ವಾಲ್ಯೂಮ್ ಡೇಟ್' ಸಂಪುಟದ ದಿನಾಂಕವನ್ನು ನಿಗದಿಪಡಿಸುತ್ತದೆ. ಇಮೇಜನ್ನು ಬರೆಯುವ ಮುನ್ನವೇ ಇವೆರಡನ್ನೂ ಕೊಡಬೇಕು.

ವೇಳೆಯ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಗ್ರೀನಿಚ್ ವೇಳೆಗೂ ಸ್ಥಳೀಯ ವೇಳೆಗೂ ಇರುವ ಅಂತರವನ್ನು ಈ ಮಾನದಂಡವು ಹದಿನೈದು ನಿಮಿಷಗಳ ಅಳತೆಯಲ್ಲಿ ಎಣಿಸುತ್ತದೆ. ಐದೂವರೆ ಗಂಟೆ ಮುಂದಿರುವ ನಮಗೆ ಆ ಸಂಖ್ಯೆ 22. ಇದನ್ನು ಕಡೆಗಣಿಸಿದರೆ ನಸುಕಿನಲ್ಲಿ ಹಾಡಿದ ಹಾಡು ಹಿಂದಿನ ದಿನದ್ದಾಗಿ ತೋರೀತು. ಇನ್ನೊಂದು ತೊಡಕು ಹಳೆಯ ಭಾವಚಿತ್ರಗಳದು. ಕಡತಗಳ ವರ್ಷವನ್ನು 1900ರಿಂದ 2155ರವರೆಗೆ ಬರೆಯಲು ಮಾನದಂಡದಲ್ಲಿ ಅವಕಾಶವಿದ್ದರೂ, ಅನೇಕ ತಂತ್ರಾಂಶಗಳು ಕಾಲವನ್ನು ಎಣಿಸುವುದು 1970ರ ಜನವರಿ 1ರಿಂದ. ಅಜ್ಜನ 1950ರ ಚಿತ್ರವಾದರೆ, ವರ್ಷವನ್ನು ಕಡತದ ಹೆಸರಿನಲ್ಲಿಯೇ ಬರೆದಿಡುವುದು ಕ್ಷೇಮ.

ಇಷ್ಟಬಂದ ದಿನಾಂಕವನ್ನು ಯಾರು ಬೇಕಾದರೂ ಹಾಕಬಹುದಾದ್ದರಿಂದ ಅದೊಂದನ್ನೇ ಸಾಕ್ಷ್ಯವೆಂದು ನಂಬುವಂತಿಲ್ಲ. ಯಾವ ಆಧಾರದ ಮೇಲೆ ಯಾರು ಹಾಕಿದರೆಂಬ ಟಿಪ್ಪಣಿಯೊಂದನ್ನೂ ಜೊತೆಗೆ ಸೇರಿಸಬೇಕು. ನಾನು ಹಾಗೆಯೇ ಮಾಡಿದೆ. ಹಿನ್ನೆಲೆಯಲ್ಲಿ ಅಕ್ಕನ ಎಳೆಗೂಸಿನ ಅಳು ಕೇಳಿಸುವ ಮೂರು ಹಾಡುಗಳಿಗೆ 1987 ಎಂದು ಹಾಕಿದೆ, ಆ ಮಗು ಹುಟ್ಟಿದ್ದು ಅದೇ ವರ್ಷ. ಉಳಿದವನ್ನು ಪ್ರತಿ ಮಾಡಿದ ದಿನಾಂಕದಲ್ಲಿಯೇ ಬಿಟ್ಟಿದ್ದೇನೆ.